‘ಸಂಪನ್ಮೂಲ ಸಾಲದು’ ಎಂಬ ಒಂದು ಸಾಲಿನ ಚರಿತ್ರೆ



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಆ ಬಳಿಕ ನಿಮ್ಮಲ್ಲಿ ಹಲವರು ಮನೆಯ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿಸಿಕೊಂಡಿದ್ದೀರಿ. ಅಂಥವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಾರ್, ಪರದೆ ನಿಂತುಬಿಡುತ್ತದೆ. ಈ ಕೆಲಸಕ್ಕೆ ಸಂಪನ್ಮೂಲ ಸಾಲದು ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬರುತ್ತದೆ. ಇನ್ನು ಗುಜರಿಗೆ ಹಾಕುವುದೇ?” ಹಾಕುವ ಮುನ್ನ ಆ ಸಾಲಿನ ಚರಿತ್ರೆಯನ್ನು ತಿಳಿಯಿರಿ ಎಂಬುದೇ ನನ್ನ ಉತ್ತರ. ಶಾಸನವಾಗಲಿ, ಯಂತ್ರದ ಸಂದೇಶವಾಗಲಿ, ಅದು ಹುಟ್ಟಿದ ಕಾಲದಲ್ಲಿಟ್ಟು ಓದಿದಾಗಲೇ ಅದರ ಅರ್ಥ ತೆರೆಯುತ್ತದೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1984ರಲ್ಲಿ ಬಾಬ್ ಶೀಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅವರ ಕೈಯಲ್ಲಿ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆ ರೂಪುಗೊಂಡಿತು. ಅದರ ಹನ್ನೊಂದನೆಯ ಆವೃತ್ತಿ 1987ರ ಸೆಪ್ಟೆಂಬರಿನಲ್ಲಿ ಹೊರಬಂತು. ಇದರ ಏರ್ಪಾಡು ನಮ್ಮ ಕಲ್ಯಾಣಮಂಟಪದ ಉಗ್ರಾಣದಂತೆ. ಅಡುಗೆಯವರು ಯಾರೂ ತಾವೇ ಉಗ್ರಾಣಕ್ಕೆ ನುಗ್ಗುವಂತಿಲ್ಲ; ಬೇಕಾದ ಪಾತ್ರೆಯನ್ನು ಉಗ್ರಾಣಿಕರಲ್ಲಿ ಕೇಳಿ ಪಡೆಯಬೇಕು. ಇಲ್ಲಿ ತಂತ್ರಾಂಶಗಳೇ ಅಡುಗೆಯವರು, ಎಕ್ಸ್ ಸರ್ವರ್ ಉಗ್ರಾಣಿಕ. ಕಿಟಕಿ ಬೇಕು, ಚಿತ್ರ ಇಡಲು ಜಾಗ ಬೇಕು ಎಂದು ತಂತ್ರಾಂಶ ಕೇಳುತ್ತದೆ. ಸರ್ವರ್ ಕೊಡುತ್ತದೆ, ಇಲ್ಲವೇ ನಿರಾಕರಿಸುತ್ತದೆ. ನಿರಾಕರಣೆಗೆ ಮೂಲ ನಿಯಮಾವಳಿಯಲ್ಲಿ 17 ಬಗೆಗಳಿವೆ. ಹನ್ನೊಂದನೆಯದೇ ‘ಬ್ಯಾಡ್ ಅಲಾಕ್’, ನೀವು ಕಾಣುವ ಸಾಲು. ಉಗ್ರಾಣಿಕ ‘ಪಾತ್ರೆ ಮುಗಿಯಿತು’ ಎಂದರೆ ಮಂಟಪ ಕುಸಿಯಿತೆಂದು ಅರ್ಥವಲ್ಲ. ಕೇಳಿ ಬರಿಗೈಯಲ್ಲಿ ಹಿಂದಿರುಗಿದವನೇ ಪಾತ್ರೆಗಳನ್ನೆಲ್ಲ ಬಚ್ಚಿಟ್ಟವನೆಂದೂ ಅಲ್ಲ.

ಆ ಕಾಲದ ಉಗ್ರಾಣ ಎಷ್ಟು ಚಿಕ್ಕದೆಂಬುದಕ್ಕೆ ಒಂದು ಲೆಕ್ಕ ಮಾಡೋಣ. 1990ರ ದಶಕದ ಅನೇಕ ಗ್ರಾಫಿಕ್ಸ್ ಕಾರ್ಡುಗಳಲ್ಲಿ 1 ಮೆಗಾಬೈಟ್, ಅಂದರೆ 10,48,576 ಬೈಟ್ ಸ್ಮೃತಿ ಇರುತ್ತಿತ್ತು. 640×480 ಬಿಂದುಗಳ ಪರದೆಗೆ ಪೂರ್ಣ ಬಣ್ಣ ತುಂಬಲು, ಬಿಂದುವಿಗೆ 3 ಬೈಟಿನಂತೆ 9,21,600 ಬೈಟ್ ಬೇಕು, ಹಿಡಿಸುತ್ತದೆ. 1024×768ರ ಪರದೆಗೆ ಬಿಂದುವಿಗೆ 2 ಬೈಟ್ ಎಂದರೂ 15,72,864 ಬೈಟ್ ಆಗುತ್ತದೆ, ಹಿಡಿಸುವುದಿಲ್ಲ. ಆದ್ದರಿಂದ ಅಂದಿನ ಬಳಕೆದಾರ ಪರದೆಯ ವಿಸ್ತಾರವನ್ನೋ ಬಣ್ಣವನ್ನೋ ತ್ಯಾಗ ಮಾಡುತ್ತಿದ್ದ. ಇಂದಿನ 1920×1080ರ ಒಂದೇ ಪೂರ್ಣ ಕಿಟಕಿಗೆ, ಬಿಂದುವಿಗೆ 4 ಬೈಟಿನಂತೆ, 82,94,400 ಬೈಟ್ ಬೇಕು. ತೆರೆದ ಪ್ರತಿ ಕಿಟಕಿಗೂ ಪ್ರತ್ಯೇಕ ಪ್ರತಿಯನ್ನು ಇಟ್ಟುಕೊಳ್ಳುವುದು ಈಗಿನ ರೂಢಿ. ಹಳೆಯ ಯಂತ್ರ ಏದುಸಿರು ಬಿಡುವುದರಲ್ಲಿ ಆಶ್ಚರ್ಯವೇನು?

ಇನ್ನು ಲಿನಕ್ಸಿನ ಸರದಿ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆ ಸ್ಮೃತಿಯನ್ನು ಹಂಚುವುದು ಮದುವೆಯ ಪಂಕ್ತಿಯ ಲೆಕ್ಕದಲ್ಲಿ. ಊಟದ ಮನೆಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಕರೆಯುತ್ತೇವೆ, ಎಲ್ಲರೂ ಮೊದಲ ಪಂಕ್ತಿಗೇ ಬರುವುದಿಲ್ಲವೆಂಬ ಧೈರ್ಯದಿಂದ. ಲಿನಕ್ಸ್ ಕೂಡ ಇರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ಕೊಡುವುದಾಗಿ ಒಪ್ಪಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಬಂದರೆ ಅದು ಹೆಚ್ಚು ಜಾಗ ಹಿಡಿದ ಒಂದು ತಂತ್ರಾಂಶವನ್ನು ಆರಿಸಿ ಎಬ್ಬಿಸಿಬಿಡುತ್ತದೆ. ನಿಮ್ಮ ಬ್ರೌಸರ್ ಹೇಳದೆ ಕೇಳದೆ ಮಾಯವಾಗುವುದು ಅನೇಕ ವೇಳೆ ಇದರಿಂದಲೇ. ಮೇಲಾಗಿ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸಿಗೆ ಬೇರೆ ಸ್ಮೃತಿ ಇರುವುದಿಲ್ಲ; ಮುಖ್ಯ ಸ್ಮೃತಿಯಿಂದಲೇ ಅದು ಪಾಲು ಪಡೆಯುತ್ತದೆ. ಹಾಗಾಗಿ ಸ್ಮೃತಿಯ ಕೊರತೆ ಪರದೆಯ ದೋಷವಾಗಿಯೂ ಕಾಣಿಸಿಕೊಳ್ಳಬಹುದು.

ಈ ಕಥೆಗೆ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಒಂದು ಅಧ್ಯಾಯವುಂಟು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾದ ಸಮಾವೇಶ 2005ರಲ್ಲಿ ಹೆಸರು ಬದಲಿಸಿಕೊಂಡು, ಕೊನೆಯ ವರ್ಷಗಳಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸಭಾಭವನದಲ್ಲಿ ಸೇರಿ, 2012ರಲ್ಲಿ ಮುಗಿಯಿತು. ಅದು ಪರಿಣತರ ಕೂಟ. ಗುರಪ್ಪನಪಾಳ್ಯದ ಸುದರ್ಶನ್ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಕಾರ್ಯಕರ್ತರ ನೆರವಿನಿಂದ ನಡೆದ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರದ ಮಾತೇ ಬೇರೆ. ಅಲ್ಲಿ ಶ್ರಮಜೀವಿಗಳ ಮಕ್ಕಳು ಲಿನಕ್ಸ್ ಯಂತ್ರಗಳ ಮುಂದೆ ಕುಳಿತು ಜಿಂಪ್ ತಂತ್ರಾಂಶದಲ್ಲಿ ಚಿತ್ರ ಬರೆದರು. ಜಯನಗರ 4ನೇ ಟಿ ಬ್ಲಾಕಿನ ಐ.ಟಿ. ಫಾರ್ ಚೇಂಜ್ ಸಂಸ್ಥೆ ಮತ್ತು ಬನಶಂಕರಿ 3ನೇ ಹಂತದ ಡಿ.ಎಸ್.ಇ.ಆರ್.ಟಿ. ಜೊತೆಗೂಡಿ, 2011ರ ಸುಮಾರಿನಿಂದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಸರ್ಕಾರಿ ಪ್ರೌಢಶಾಲಾ ಅಧ್ಯಾಪಕರಿಗೆ ಉಬುಂಟು, ಜಿಯೋಜೀಬ್ರಾ ಮೊದಲಾದವನ್ನು ಕಲಿಸಿದವು. ಶಾಲೆಯ ಪ್ರಯೋಗಾಲಯದಲ್ಲಿ ‘ಸಂಪನ್ಮೂಲ ಸಾಲದು’ ಎಂಬ ಸಾಲು ಬಂದರೆ ಒಂದು ಕಿಟಕಿಯಷ್ಟೇ ಮುಚ್ಚುವುದಿಲ್ಲ, ಒಂದು ಅವಧಿಯ ಪಾಠವೂ ನಿಲ್ಲುತ್ತದೆ. ಕಾರಣ ತಿಳಿದ ಅಧ್ಯಾಪಕ ಎರಡು ತಂತ್ರಾಂಶ ಮುಚ್ಚಿ ಪಾಠ ಮುಂದುವರಿಸುತ್ತಾನೆ; ತಿಳಿಯದಿದ್ದರೆ ಯಂತ್ರಕ್ಕೆ ಹೊದಿಕೆ ಹೊದಿಸಿ ಬೀಗ ಹಾಕಲಾಗುತ್ತದೆ.

ಸಂತೋಷದ ಸಂಗತಿಯೆಂದರೆ ಕನ್ನಡ ಬರೆಯುವುದು ಭಾರೀ ಯಂತ್ರವನ್ನು ಬೇಡುವ ಕೆಲಸವಲ್ಲ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ಕೀಲಿಮಣೆ ವಿನ್ಯಾಸ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಸೇರಿದೆ.

ಈಗ ಪರೀಕ್ಷಿಸುವ ಕ್ರಮ. ಮೊದಲು ‘ಫ್ರೀ’ ಆಜ್ಞೆಯಲ್ಲಿ ಸ್ಮೃತಿಯನ್ನು ನೋಡಿ. ‘ಫ್ರೀ’ ಕಂಬದ ಅಂಕಿ ಚಿಕ್ಕದಿದ್ದರೆ ಗಾಬರಿಯಾಗಬೇಡಿ. ಮಿಕ್ಕ ಸ್ಮೃತಿಯನ್ನು ಲಿನಕ್ಸ್ ಕಡತಗಳ ತಾತ್ಕಾಲಿಕ ಪ್ರತಿಗಳಿಗೆ ಬಳಸುತ್ತದೆ. ‘ಅವೈಲಬಲ್’ ಕಂಬವೇ ನಂಬತಕ್ಕದ್ದು. ಎರಡನೆಯದಾಗಿ ‘ಡಿಮೆಸೇಜ್’ ದಾಖಲೆಯಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಪದಗಳಿವೆಯೇ ಹುಡುಕಿ; ಇದ್ದರೆ ಪಂಕ್ತಿಯಿಂದ ಯಾರನ್ನು ಎಬ್ಬಿಸಲಾಯಿತೆಂದು ಅಲ್ಲೇ ಬರೆದಿರುತ್ತದೆ. ಮೂರನೆಯದಾಗಿ, ಎಕ್ಸ್ ಇರುವ ಯಂತ್ರದಲ್ಲಿ ‘ಎಕ್ಸ್‌ರೆಸ್‌ಟಾಪ್’ ನಡೆಸಿ. ಯಾವ ತಂತ್ರಾಂಶ ಉಗ್ರಾಣದಿಂದ ಎಷ್ಟು ಪಾತ್ರೆ ಒಯ್ದು ಹಿಂದಿರುಗಿಸಿಲ್ಲವೆಂದು ಅದು ಪಟ್ಟಿ ಕೊಡುತ್ತದೆ. ನಾಲ್ಕನೆಯದಾಗಿ ‘ಜಿಎಲ್‌ಎಕ್ಸ್‌ಇನ್ಫೋ’ ಉತ್ತರದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದು ಬಂದರೆ, ಗ್ರಾಫಿಕ್ಸ್ ಚಿಪ್ಪಿನ ಕೆಲಸವನ್ನು ಮುಖ್ಯ ಪ್ರೊಸೆಸರ್ ಹೊರುತ್ತಿದೆ ಎಂದರ್ಥ. ಅಲ್ಲಿ ಸರಿಪಡಿಸಬೇಕಾದದ್ದು ಚಾಲಕ ತಂತ್ರಾಂಶ. ಇಷ್ಟು ತಿಳಿದ ಮೇಲೆ ಚಿಕಿತ್ಸೆ ಸುಲಭ: ಸ್ವಾಪ್ ಸ್ಥಳ ಹೆಚ್ಚಿಸುವುದು, ಎಕ್ಸ್‌ಎಫ್‌ಸಿಇಯಂಥ ಹಗುರ ಪರಿಸರಕ್ಕೆ ಹೋಗುವುದು, ಸಾಧ್ಯವಾದರೆ ಇನ್ನೊಂದು ಸ್ಮೃತಿ ಪಟ್ಟಿ ಹಾಕಿಸುವುದು.

ಎಲ್ಲ ಯಂತ್ರಗಳೂ ಉಳಿಯುತ್ತವೆ ಎಂದು ನಾನು ಹೇಳಲಾರೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32 ಬಿಟ್ಟಿನ ಹಳೆಯ ಪಿಸಿಗಳಲ್ಲಿ ಹೊಸದಾಗಿ ಸ್ಥಾಪಿಸುವ ಅವಕಾಶವನ್ನು ಕೈಬಿಟ್ಟಿತು. ಆದರೆ 64 ಬಿಟ್ಟಿನ, 4 ಗಿಗಾಬೈಟ್ ಸ್ಮೃತಿಯ ಯಂತ್ರವೊಂದು ನಿಮ್ಮಲ್ಲಿ ಸುಮ್ಮನೆ ಬಿದ್ದಿದ್ದರೆ ಮೇಲಿನ ನಾಲ್ಕು ಪರೀಕ್ಷೆ ಮಾಡಿ, ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ, ಹತ್ತಿರದ ಶಾಲೆಗೆ ಕೊಡಿ. ಬರಿಯ ಯಂತ್ರಕ್ಕಿಂತ ಆ ಚೀಟಿ ಇರುವ ಯಂತ್ರ ಅಲ್ಲಿನ ಅಧ್ಯಾಪಕರಿಗೆ ಹೆಚ್ಚು ಉಪಕಾರಿ.