ಗೂಡಿನಿಂದ ಬಿದ್ದ ಅಳಿಲು ಮರಿಗಳ ಆರೈಕೆ: ಸಾರ್ವಜನಿಕರಿಗೆ ಮಾಹಿತಿ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಗಾಳಿಮಳೆಗೆ ಗೂಡು ಕಳಚಿ ಬಿದ್ದ ಅಳಿಲು ಮರಿಗಳನ್ನು ಮಕ್ಕಳು ಮನೆಗೆ ತಂದು ಸಾಕಲು ತೊಡಗುವುದುಂಟು. ಇಂತಹ ಮರಿಗಳೆಲ್ಲವೂ ಅನಾಥವಾಗಿರುವುದಿಲ್ಲ. ಗಾಯವಾಗಿರದ ಮರಿಯನ್ನು ಹತ್ತಿಬಟ್ಟೆ ಹಾಸಿದ ಬುಟ್ಟಿಯಲ್ಲಿರಿಸಿ, ಬೆಕ್ಕು, ನಾಯಿಗಳಿಗೆ ಎಟುಕದಂತೆ ಅದೇ ಮರಕ್ಕೆ ಕಟ್ಟಿ ದೂರ ಸರಿಯತಕ್ಕದ್ದು. ತಾಯಿ ಅಳಿಲು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಕತ್ತಲಾಗುವವರೆಗೂ ತಾಯಿ ಬಾರದಿದ್ದಲ್ಲಿ ಮಾತ್ರ ಮರಿಯನ್ನು ಒಳಗೆ ತರುವುದು.

ತಣ್ಣಗಾದ ಮರಿಗೆ ಮೊದಲು ಬೇಕಾದುದು ಶಾಖವೇ ಹೊರತು ಆಹಾರವಲ್ಲ. ಬೆಚ್ಚನೆಯ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿರಿಸಬೇಕು. ಹಾಲುಣಿಸಬೇಕೆಂಬ ಮರುಕ ಸಹಜವಾದರೂ ಹಸುವಿನ ಹಾಲಿನಿಂದ ಭೇದಿಯಾಗಿ ಮರಿ ಸಾಯಬಹುದು. ಬಲವಂತವಾಗಿ ಕುಡಿಸಿದ ದ್ರವ ಶ್ವಾಸಕೋಶ ಸೇರಬಹುದು. ಬೆಕ್ಕು ಕಚ್ಚಿದ ಮರಿಯನ್ನು, ಗಾಯ ಸಣ್ಣದೆಂದು ಕಂಡರೂ, ಅದೇ ದಿನ ಸಮೀಪದ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು.

ಹಿತ್ತಲಿನಲ್ಲಿ ಓಡಾಡಿದರೂ ಅಳಿಲು ವನ್ಯಜೀವಿಯೇ. ಅದರ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುವುದರಿಂದ ಕಡಿಯಲು ಮರವಿಲ್ಲದ ಪಂಜರ ಅದಕ್ಕೆ ಹಿಂಸೆ. ಆದುದರಿಂದ ಸಾಕುವ ಬದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದು. ಅಳಿಲು ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣತಕ್ಕದ್ದು.