ಅಲಿಸಮ್: ಸಾಸಿವೆ ಕುಟುಂಬದ ಹಾಸುಹೂವು ಮತ್ತು ಅದನ್ನು ಬೆಳೆಸಬೇಕಾದ ಸ್ಥಳ

ಉದ್ಯಾನಗಳ ಅಂಚಿನಲ್ಲಿ ನೆಲಕ್ಕೆ ಹಾಸಿದಂತೆ ಹಬ್ಬಿ, ಜೇನಿನ ಪರಿಮಳ ಬೀರುವ ಬಿಳಿಯ ಹೂಗಳ ಅಲಿಸಮ್ ಗಿಡವನ್ನು ತಾವು ನೋಡಿರಬಹುದು. ಇದು ಸಾಸಿವೆ, ಎಲೆಕೋಸುಗಳ ಕುಟುಂಬಕ್ಕೆ ಸೇರಿದೆ. ಇದರ ಕುಲವಾದ ಲೋಬ್ಯುಲೇರಿಯದಲ್ಲಿರುವುದು ಬೆರಳೆಣಿಕೆಯಷ್ಟು ಪ್ರಭೇದಗಳು ಮಾತ್ರ. ಮೆಡಿಟರೇನಿಯನ್ ಕರಾವಳಿ ಹಾಗೂ ಕ್ಯಾನರಿ ದ್ವೀಪಗಳ ಸುತ್ತಲಿನ ಪ್ರದೇಶ ಈ ಕುಲದ ತವರು. ಸಸ್ಯಶಾಸ್ತ್ರಜ್ಞ ದೇವೋ 1815ರಲ್ಲಿ ಈ ಗಿಡವನ್ನು ಲೋಬ್ಯುಲೇರಿಯಕ್ಕೆ ಸೇರಿಸಿದರೂ ಬೀಜದ ವ್ಯಾಪಾರದಲ್ಲಿ ಅಲಿಸಮ್ ಎಂಬ ಹಳೆಯ ಹೆಸರೇ ಉಳಿದಿದೆ.

ಕೃಷಿಕರಿಗೆ ಇದರ ಮಹತ್ವವಿರುವುದು ಅಂದದಲ್ಲಲ್ಲ, ಮಕರಂದದಲ್ಲಿ. ಸಿರ್ಫಿಡ್ ನೊಣದ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಬದುಕುತ್ತವೆ. ಆದರೆ ಪ್ರೌಢ ನೊಣಕ್ಕೆ ಮಕರಂದ ಮತ್ತು ಪರಾಗ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯಲ್ಲಿ ಸಾವಯವ ಲೆಟ್ಯೂಸ್ ಬೆಳೆಗಾರರು ಈ ಉದ್ದೇಶಕ್ಕಾಗಿಯೇ ಬೆಳೆಯ ನಡುವೆ ಅಲಿಸಮ್ ಬೆಳೆಸುತ್ತಾರೆ. ಇಡೀ ಸಾಲುಗಳನ್ನು ಮೀಸಲಿಡುವುದಕ್ಕಿಂತ ಅಲ್ಲೊಂದು ಇಲ್ಲೊಂದು ಗಿಡ ಚದುರಿಸಿ ನೆಡುವುದು ಮೇಲು, ಭೂಮಿ ಉಳಿಯುತ್ತದೆ. ಒತ್ತಾಗಿ ನೆಟ್ಟರೆ ಪಕ್ಕದ ಲೆಟ್ಯೂಸ್ ಸೊರಗುತ್ತದೆ.

ಆದರೆ ಕುಟುಂಬದ ನಂಟನ್ನು ಮರೆಯಬಾರದು. ಸಾಸಿವೆ ಬೆಳೆಯನ್ನು ಕಾಡುವ ಬಗ್ರಾಡ ಎಂಬ ಬಣ್ಣದ ತಿಗಣೆ ನಮ್ಮ ದೇಶದಲ್ಲಿ ಹಳೆಯ ಪರಿಚಯದ ಕೀಟ. ಅದು 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡ ಮೇಲೆ, ಅಲಿಸಮ್ ಅದಕ್ಕೆ ಬಹಳ ಮೆಚ್ಚಿನ ಆಹಾರವೆಂಬುದು ಅಲ್ಲಿಯ ಬೆಳೆಗಾರರಿಗೆ ತಿಳಿಯಿತು. ಎಲೆಜಿಗಿ ದುಂಬಿಗಳೂ ಇದನ್ನು ಬಿಡುವುದಿಲ್ಲ. ಆದ್ದರಿಂದ ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ತಾಕುಗಳ ಪಕ್ಕದಲ್ಲಿ ಅಲಿಸಮ್ ಹಾಕದಿರುವುದು ಲೇಸು. ಲೆಟ್ಯೂಸ್‌ನಂತಹ ಬೇರೆ ಕುಟುಂಬದ ಬೆಳೆಗಳಲ್ಲಿ, ಮೊದಲು ಒಂದೆರಡು ಮಡಿಗಳಿಗೆ ಸೀಮಿತವಾಗಿ ಪ್ರಯತ್ನಿಸಬಹುದು. ಹಾಕಿದ ಮೇಲೆ ವಾರಕ್ಕೊಮ್ಮೆ ಹೂಗೊಂಚಲು ಹಾಗೂ ಎಲೆಗಳ ಅಡಿಭಾಗವನ್ನು ಪರಿಶೀಲಿಸಿ. ಕಪ್ಪು ಮೈಯ ಮೇಲೆ ಕಿತ್ತಳೆ, ಬಿಳಿ ಗುರುತುಗಳಿರುವ ತಿಗಣೆ ಗುಂಪಾಗಿ ಕಂಡರೆ ಗಿಡಗಳನ್ನು ಕಿತ್ತು ನಾಶಪಡಿಸಿ.

ಇದು ತಂಪು ಹವೆಯ ಗಿಡ. ನಮ್ಮ ಬಯಲುಸೀಮೆಯಲ್ಲಿ ಮಳೆಗಾಲ ಮುಗಿದ ಮೇಲೆ ಬಿತ್ತುವುದು ಸೂಕ್ತ. ಬೀಜ ಅತಿ ಸಣ್ಣದು. ಮೊಳೆಯಲು ಬೆಳಕು ನೆರವಾಗುವುದರಿಂದ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ ಲಘುವಾಗಿ ಅದುಮಿ, ನವಿರಾಗಿ ನೀರು ಚಿಮುಕಿಸಿ. ನೀರು ನಿಲ್ಲುವ ಜಾಗ ಇದಕ್ಕೆ ಒಗ್ಗದು. ಸುಮಾರು 6ರಿಂದ 8 ವಾರಗಳಲ್ಲಿ ಹೂ ಬರುತ್ತದೆ. ಮೊದಲ ಹೂ ಬಾಡಿದಾಗ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಮತ್ತೆ ಚಿಗುರಿ ಹೂ ಬಿಡುತ್ತದೆ. ಬೀಜ ಉದುರಿ ತಾನಾಗಿ ಹರಡುವ ಸ್ವಭಾವವಿರುವುದರಿಂದ, ಮುಂದಿನ ಹಂಗಾಮಿನಲ್ಲಿ ಅದೇ ತಾಕಿನಲ್ಲಿ ಕೋಸು ಬೆಳೆಯುವ ಯೋಚನೆಯಿದ್ದರೆ ಕಾಯಿ ಬಲಿಯುವ ಮುನ್ನವೇ ಬೇರುಸಹಿತ ಕಿತ್ತುಬಿಡಿ. ಸಿರ್ಫಿಡ್ ನೊಣಗಳನ್ನು ನೆಚ್ಚಿಕೊಂಡ ತಾಕಿನಲ್ಲಿ ಎಲ್ಲ ಕೀಟಗಳನ್ನೂ ಕೊಲ್ಲುವ ಕೀಟನಾಶಕ ಸಿಂಪಡಿಸಿದರೆ ಈ ಗಿಡ ಬೆಳೆಸಿದ ಶ್ರಮವೆಲ್ಲ ವ್ಯರ್ಥ.