ಮೆಲನೋಮಾ: ಮುನ್ಸೂಚನೆ ನೀಡುವ ಸೈಟೋಕೈನ್‌ಗಳು

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮಾ. ರೋಗ ಮುಂದೆ ಯಾವ ದಾರಿ ಹಿಡಿದೀತು ಎಂಬ ಸುಳಿವನ್ನು ರೋಗನಿರೋಧಕ ಕೋಶಗಳ ಸಂದೇಶವಾಹಕ ಪ್ರೋಟೀನುಗಳಾದ ಸೈಟೋಕೈನ್‌ಗಳು ಕೊಡಬಲ್ಲವು.

ಇವುಗಳಲ್ಲಿ ಇಂಟರ್‌ಲ್ಯೂಕಿನ್-8 ಮುಖ್ಯವಾದುದು. ಗಡ್ಡೆಯ ಕೋಶಗಳೇ ಇದನ್ನು ಸ್ರವಿಸಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ, ನ್ಯೂಟ್ರೋಫಿಲ್‌ಗಳನ್ನು ಬಳಿಗೆ ಸೆಳೆಯುತ್ತವೆ. ರಕ್ತದಿಂದ ಸೀರಮ್ ಬೇರ್ಪಡಿಸಿ ಎಲೈಸಾ ಪರೀಕ್ಷೆ ನಡೆಸಿದರೆ, ಮೂಡುವ ಬಣ್ಣದ ಗಾಢತೆಯಿಂದ ಅದರ ಪ್ರಮಾಣ ತಿಳಿಯುತ್ತದೆ. ಚಿಕಿತ್ಸೆಗೆ ಮುನ್ನವೇ ಈ ಮಟ್ಟ ಹೆಚ್ಚಿದ್ದವರಿಗೆ ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ರೋಗನಿರೋಧಕ ಚಿಕಿತ್ಸೆಯ ಔಷಧಗಳ ಪ್ರಯೋಜನ ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇನ್ನೊಂದು ಸೈಟೋಕೈನ್ ಇಂಟರ್‌ಫೆರಾನ್-ಗಾಮಾ ಇಬ್ಬಾಯಿ ಖಡ್ಗ: ಗಡ್ಡೆಯ ಮೇಲಿನ ದಾಳಿಗೆ ಬಲ ತುಂಬುತ್ತದೆ, ಜೊತೆಗೇ ಗಡ್ಡೆಯ ಕೋಶಗಳ ಮೇಲಿನ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೆಚ್ಚಿಸಿ, ದಾಳಿ ಮಾಡುವ ಟಿ ಕೋಶಗಳನ್ನು ತಡೆಯುತ್ತದೆ.

ಆದರೆ ಕ್ಯಾನ್ಸರ್ ಕುರಿತ ಅಮೆರಿಕದ ಜಂಟಿ ಸಮಿತಿಯ (ಎಜೆಸಿಸಿ) 2018ರಲ್ಲಿ ಜಾರಿಗೆ ಬಂದ 8ನೇ ಆವೃತ್ತಿಯ ಹಂತನಿರ್ಣಯದಲ್ಲಿ ಸೈಟೋಕೈನ್‌ಗಳಿಗೆ ಸ್ಥಾನವಿಲ್ಲ. ಗಡ್ಡೆಯ ದಪ್ಪ, ಹುಣ್ಣು, ಹರಡುವಿಕೆ ಮತ್ತು ರಕ್ತದಲ್ಲಿನ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ ಇವೇ ಅದರ ಆಧಾರ.